ನೋಡಿ ಕೊಡ್ರಿ

ಪಿತೃಪಕ್ಷ ಮುಗಿಯುತ್ತ ಬಂತೆಂದರೆ ನಮ್ಮ ನಿಮ್ಮ ಮನೆಗಳಲ್ಲಿ ಇದ್ದಕ್ಕಿದ್ದಂತೆ ಧೂಳು ಕಣ್ಣಿಗೆ ಬೀಳತೊಡಗುತ್ತದೆ. ಹೊಸದಾಗಿ ಬಂದ ಧೂಳೇನಲ್ಲ, ಯುಗಾದಿಯಿಂದ ಅಲ್ಲೇ ಕೂತಿದ್ದದ್ದೇ. ಆದರೆ ಗೊಂಬೆ ಕೂರಿಸುವ ಮಾತು ಶುರುವಾದ ಕೂಡಲೇ ಫ್ಯಾನಿನ ರೆಕ್ಕೆ, ಅಟ್ಟದ ಪಾತ್ರೆ, ಕಿಟಕಿಯ ಗಾಜು ಎಲ್ಲವೂ ನಮ್ಮನ್ನೇ ನೋಡಿ ನಗುವಂತೆ ಕಾಣುತ್ತವೆ. ನಾನು ಚಿಕ್ಕವನಿದ್ದಾಗ ಕಿಟಕಿಯದು ದೊಡ್ಡ ಕೆಲಸವಾಗಿರಲಿಲ್ಲ. ಗಾಜೇ ಇರಲಿಲ್ಲವಲ್ಲ. ಎರಡು ಮರದ ಬಾಗಿಲು, ನಡುವೆ ಐದಾರು ಕಬ್ಬಿಣದ ಸರಳು. ಹಬ್ಬದ ಹಿಂದಿನ ಭಾನುವಾರ ಅಮ್ಮ ಸೀಮೆಎಣ್ಣೆ ಅದ್ದಿದ ಬಟ್ಟೆ ಕೈಗೆ ಕೊಟ್ಟು ಕೂರಿಸುತ್ತಿದ್ದಳು. ಕಿಟಕಿಗೊಂದು ಕಡಲೆಮಿಠಾಯಿ ಎಂಬ ಕರಾರಿನ ಮೇಲೆ ಅಣ್ಣನೂ ನಾನೂ ಉಜ್ಜುತ್ತಿದ್ದೆವು. ನನ್ನ ಬದುಕಿನ ಮೊದಲ ರೇಟ್ ಕಾರ್ಡ್ ಅದೇ ಇರಬೇಕು.

ಈಗಿನ ಮನೆಯ ಕಥೆ ಬೇರೆ. ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿ. ಒಂಬತ್ತು ಕಿಟಕಿ, ಎರಡು ಬಾಲ್ಕನಿ ಬಾಗಿಲು. ಅಡುಗೆಮನೆಯದೊಂದು ಬಿಟ್ಟು ಉಳಿದದ್ದೆಲ್ಲ ಆಚೀಚೆ ಜಾರುವ ಗಾಜು. ಪ್ರತಿಯೊಂದಕ್ಕೂ ಒಂದು ಸೊಳ್ಳೆ ಮೆಶ್, ಕೆಳಗೆ ಮೂರು ಸಾಲಿನ ಟ್ರ್ಯಾಕು. ಆ ಟ್ರ್ಯಾಕಿನಲ್ಲಿ ಏನೇನು ಸೇರಿಕೊಳ್ಳುತ್ತದೆಂಬುದು ಬಲ್ಲವರಿಗೇ ಗೊತ್ತು: ಮಣ್ಣು, ಪಾರಿವಾಳದ ಪುಕ್ಕ, ಸತ್ತ ಸೊಳ್ಳೆ, ಮೊಮ್ಮಗಳು ಕಳೆದುಕೊಂಡ ಓಲೆಯ ತಿರುಪು. ಅರವತ್ತೈದು ದಾಟಿದ ಮೇಲೆ ನಾನು ಸ್ಟೂಲು ಹತ್ತುವುದನ್ನು ಮನೆಯಲ್ಲಿ ನಿಷೇಧಿಸಲಾಗಿದೆ. ಹೀಗಾಗಿ ಎರಡು ವರ್ಷದ ಹಿಂದಿನ ದಸರೆಗೆ, ಗೇಟಿನ ಸೆಕ್ಯುರಿಟಿಯವರು ಹೇಳಿದರೆಂದು, ಒಬ್ಬ ಹುಡುಗನನ್ನು ಕರೆಸಿದೆವು. ಲಿಂಗಸುಗೂರು ಕಡೆಯವನು. ಜೊತೆಗೆ ಅವನ ಅಕ್ಕನ ಮಗ. ಮಡಚುವ ಅಲ್ಯುಮಿನಿಯಂ ಏಣಿ, ಎರಡು ಬಕೆಟ್ಟು, ರಬ್ಬರ್ ಪಟ್ಟಿಯ ವೈಪರು, ಹಳೆ ಟೂತ್‌ಬ್ರಶ್ಶುಗಳ ಒಂದು ಕಟ್ಟು, ಒಂದು ಚೀಲ ಬಟ್ಟೆ, ಇಷ್ಟು ಅವರ ಬಂಡವಾಳ.

‘ಎಷ್ಟು ತಗೊಳ್ತೀಯಪ್ಪ?’ ಎಂದೆ.

‘ನೀವ ನೋಡಿ ಕೊಡ್ರಿ ಸರ’ ಎಂದ.

ಈ ಮಾತನ್ನು ಕೇಳದ ಮನೆ ಕನ್ನಡನಾಡಿನಲ್ಲಿ ಇರಲಾರದು. ತೆಂಗಿನಕಾಯಿ ಕೀಳಲು ಬಂದವನು, ಸತ್ಯನಾರಾಯಣ ಪೂಜೆ ಮಾಡಿಸಿದ ಪುರೋಹಿತರು, ಸೀರೆಗೆ ಫಾಲ್ ಹಚ್ಚಿಕೊಡುವಾಕೆ, ಸಾಮಾನು ಇಳಿಸಿದ ಹಮಾಲಿ, ಎಲ್ಲರ ಬಾಯಲ್ಲೂ ಇದೇ. ಕಿವಿಗೆ ಹಿತವಾದ ಮಾತು. ನಿಮ್ಮ ಮೇಲೆ ನಂಬಿಕೆ ಇದೆ ಎನ್ನುತ್ತದೆ, ಬರೀ ದುಡ್ಡಿಗಾಗಿ ಬಂದವನಲ್ಲ ಎನ್ನುತ್ತದೆ. ಆದರೆ ಅದನ್ನು ಆಡುವಾಗ ಆಡುವವನ ಕಣ್ಣು ಎಲ್ಲಿರುತ್ತದೆಂದು ಎಂದಾದರೂ ಗಮನಿಸಿದ್ದೀರಾ? ನೆಲದ ಮೇಲೆ. ಹೆಚ್ಚು ಕೇಳಿದರೆ ಕೆಲಸ ಕೈತಪ್ಪೀತೆಂಬ ಅಂಜಿಕೆ ಒಂದು ಕಡೆ, ಕಡಿಮೆ ಕೇಳಿದರೆ ಹೊಟ್ಟೆಗೆ ಸಾಲದೆಂಬ ಅಂಜಿಕೆ ಇನ್ನೊಂದು ಕಡೆ. ನಡುವೆ ಸಿಕ್ಕಿಬಿದ್ದವನು ತಕ್ಕಡಿಯನ್ನೇ ಎದುರಿನವನ ಕೈಗೆ ಕೊಟ್ಟುಬಿಡುತ್ತಾನೆ. ಆ ಕೈಯಲ್ಲಿ ಪರ್ಸೂ ಇದೆ ಎಂಬುದನ್ನು ಮರೆತು.

ನಾನೂ ನೋಡಿಯೇ ಕೊಟ್ಟೆ. ಪಕ್ಕದ ಬ್ಲಾಕಿನ ಮಿತ್ರರಿಗೆ ಫೋನ್ ಮಾಡಿ ಅವರು ಎಷ್ಟು ಕೊಟ್ಟರೆಂದು ಕೇಳಿದೆ. ಕಿಟಕಿಗೆ 40 ಎಂದರು. ನಾನು 50 ಎಂದೆ, ದೊಡ್ಡ ಮನಸ್ಸು. ಹನ್ನೊಂದಕ್ಕೆ 550. ಬೆಳಿಗ್ಗೆ ಒಂಬತ್ತೂವರೆಗೆ ಬಂದವರು ಮುಗಿಸುವಾಗ ಎರಡು ಗಂಟೆ ದಾಟಿತ್ತು. ಇನ್ನೇನು ಹೊರಡಬೇಕು ಎನ್ನುವಾಗ ನನ್ನಾಕೆ, ‘ಹೇಗೂ ಏಣಿ ಹಾಕಿದ್ದೀರಲ್ಲ, ಆ ಮೂರು ಫ್ಯಾನೂ ಒರೆಸಿಬಿಡ್ರಪ್ಪ’ ಎಂದಳು. ಒರೆಸಿದರು. ಸೊಪ್ಪು ಕೊಳ್ಳುವಾಗ ಎರಡೆಳೆ ಕೊತ್ತಂಬರಿ ಕೊಸರು ಕೇಳುವ ಕೈ ಅದು; ಅವಳೊಬ್ಬಳದಲ್ಲ, ನಮ್ಮೆಲ್ಲರದೂ. ಟೀಗೆಂದು ಐವತ್ತು ಸೇರಿಸಿ 600 ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಸಂಜೆ ಹೊಳೆಯುವ ಗಾಜಿನ ಎದುರು ಕೂತು ಕಾಫಿ ಕುಡಿಯುವಾಗ ನನ್ನ ಔದಾರ್ಯದ ಬಗ್ಗೆ ನನಗೇ ಸಣ್ಣ ಅಭಿಮಾನ ಬಂದಿತ್ತು.

ಅದೇ ಹುಡುಗ ಯುಗಾದಿಗೆ ಮತ್ತೆ ಬಂದ. ಕೆಲಸ ಮುಗಿಸಿದವನು ಹೊರಡದೆ ಬಾಗಿಲಲ್ಲೇ ನಿಂತ. ನಾನು ಬ್ಯಾಂಕಿನಲ್ಲಿದ್ದವನೆಂದು ಯಾರೋ ಹೇಳಿದ್ದರಂತೆ. 2015ರಲ್ಲಿ ಶುರುವಾದ ಮುದ್ರಾ ಸಾಲ ಇದೆಯಲ್ಲ, ಅದರ ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆಂದು ಕೇಳಿ ಫಾರಂ ತಂದಿದ್ದ. ಇನ್ನೊಂದು ಏಣಿ, ಧೂಳೆಳೆಯುವ ಮಷೀನು, ಹೆಸರು ಬರೆಸಿದ ಎರಡು ಟೀ ಶರ್ಟು, ಇವು ಅವನ ಆಸೆ. ಫಾರಂ ಬಿಡಿಸಿಕೊಂಡು ಕೂತೆವು. ‘ತಿಂಗಳ ಆದಾಯ’ ಎಂಬಲ್ಲಿಗೆ ಬಂದಾಗ ನಾನು ಪೆನ್ನೆತ್ತಿ ಅವನ ಮುಖ ನೋಡಿದೆ.

‘ಅದೂ ನೀವ ನೋಡಿ ಬರೀರಿ ಸರ’ ಎಂದ.

ಮೂವತ್ತೈದು ವರ್ಷ ಊರವರ ಲೆಕ್ಕ ನೋಡಿದ ಅಭ್ಯಾಸ, ಹಾಗೆಲ್ಲ ಬರೆಯಲು ಕೈ ಬರಲಿಲ್ಲ. ಹಳೆಯ ಡೈರಿಯೊಂದನ್ನು ತೆಗೆದು, ಮೊದಲು ಒಂದು ದಿನದ ಲೆಕ್ಕ ಹಾಕೋಣ ಎಂದೆ. ಯಾವ ದಿನ? ‘ದಸರೆಯಲ್ಲಿ ನಮ್ಮ ಮನೆಗೆ ಬಂದಿದ್ದೆಯಲ್ಲ, ಅದನ್ನೇ ಹಿಡಿ.’ ಬೇರೆ ಯಾರದಾದರೂ ಮನೆ ಹಿಡಿದಿದ್ದರೆ ಆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು. ಬಂದದ್ದು 600. ಅವನ ರೂಮಿನಿಂದ ನಮ್ಮಲ್ಲಿಗೆ ಹೋಗಿಬರಲು ಪೆಟ್ರೋಲು 70. ಗಾಜಿಗೆ ಹೊಡೆಯುವ ಲಿಕ್ವಿಡ್ಡು, ಸೋಪು, ಬಟ್ಟೆ 50. ಇಬ್ಬರ ತಿಂಡಿ, ಊಟ, ಟೀ 180. ಉಳಿದದ್ದು 300. ತಲೆಗೆ ನೂರೈವತ್ತು. ಎರಡು ಗಂಟೆಯ ಮೇಲೆ ಬೇರೆ ಮನೆ ಸಿಗಲಿಲ್ಲವಾದ್ದರಿಂದ ಇಡೀ ದಿನದ ಗಳಿಕೆ ಅಷ್ಟೇ. ಗಾರೆಯವರ ಕೈಕೆಳಗೆ ಕಲಸು ಹೊರುವವರೂ ಅಷ್ಟಕ್ಕೆ ಬಾಣಲಿ ಮುಟ್ಟುವುದಿಲ್ಲ. ಹುಡುಗ ಡೈರಿಯನ್ನು ತನ್ನ ಕಡೆ ತಿರುಗಿಸಿಕೊಂಡು ಎರಡು ಸಲ ಕೂಡಿದ, ಎರಡು ಸಲ ಕಳೆದ. ‘ಕರೆಕ್ಟ್ ಐತ್ರಿ’ ಎಂದ. ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಕನಿಷ್ಠ ವೇತನಕ್ಕೆ ನಮ್ಮ ದೇಶ 1948ರಲ್ಲೇ ಕಾನೂನು ಮಾಡಿತು. ಆದರೆ ತನಗೆ ತಾನೇ ಯಜಮಾನನಾದವನಿಗೆ ಆ ಬೇಲಿ ಇಲ್ಲ. ಅವನಿಗೆ ಕಡಿಮೆ ಕೂಲಿ ಕೊಡುತ್ತಿರುವ ಧಣಿ ಅವನೇ. ದೂರು ಕೊಡಲು ಹೋದರೆ ತನ್ನ ಮೇಲೇ ಕೊಡಬೇಕು. ಅಕ್ಕನ ಮಗನದು ಇನ್ನೂ ಕಷ್ಟ, ಮಾವನ ದಾಕ್ಷಿಣ್ಯಕ್ಕೆ ಅವನ ಹೊಟ್ಟೆಯೂ ಸಾಕ್ಷಿ ಹಾಕಬೇಕು.

ನಮ್ಮ ಕಡೆಯಿಂದಲೂ ಒಂದು ಮಾತಿದೆ, ಅದನ್ನು ಹೇಳಿದವಳು ನನ್ನಾಕೆ. ಅದರ ಹಿಂದಿನ ವಾರ ನಲ್ಲಿಯ ವಾಷರ್ ಹಾಕಲು ಬಂದ ಪ್ಲಂಬರ್ ಹತ್ತು ನಿಮಿಷಕ್ಕೆ 400 ತೆಗೆದುಕೊಂಡು ಹೋಗಿದ್ದ. ನಾನು ತುಟಿ ಪಿಟಕ್ಕೆನ್ನದೆ ಕೊಟ್ಟಿದ್ದೆ. ‘ನಲ್ಲಿ ಕೆಲಸ ನಿಮಗೆ ಬರಲ್ಲ, ಅದಕ್ಕೆ ಕೊಟ್ರಿ. ಒರೆಸೋ ಕೆಲಸ ನಾನು ನಲವತ್ತು ವರ್ಷ ಬಿಟ್ಟಿ ಮಾಡಿದ್ನಲ್ಲ, ಅದಕ್ಕೆ ಬೆಲೆ ಕಟ್ಟೋಕೆ ನಿಮ್ಮ ಕೈ ಗಿಡ್ಡ’ ಎಂದಳು. ಅರ್ಥಶಾಸ್ತ್ರದ ಪ್ರೊಫೆಸರರು ಇದನ್ನೇ ಪುಸ್ತಕ ಬರೆದು ಹೇಳುತ್ತಾರೆ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತ ಹೇಳಿದಳು. ಅದೇ ಬಾಯಿ ಮೂರು ಫ್ಯಾನ್ ಬಿಟ್ಟಿ ಒರೆಸಿಸಿತ್ತೆಂದು ಜ್ಞಾಪಿಸುವ ಧೈರ್ಯ ನನಗೆ ಬರಲಿಲ್ಲ.

ಲೆಕ್ಕವನ್ನು ತಿರುಗಿಸಿ ಹಾಕೋಣ ಎಂದೆ. ಕಿಟಕಿಯಿಂದ ಶುರುಮಾಡಿ ಕೂಲಿಗೆ ಬರುವ ಬದಲು, ಕೂಲಿಯಿಂದ ಶುರುಮಾಡಿ ಕಿಟಕಿಗೆ ಬರೋಣ. ದಿನಕ್ಕೆ ನಿನಗೆಷ್ಟು ಬೇಕು? ಬಹಳ ಹೊತ್ತು ಕಾಲಿನ ಹೆಬ್ಬೆರಳನ್ನೇ ನೋಡಿ, 900 ಎಂದ. ಅಕ್ಕನ ಮಗನಿಗೆ 700. ಒಟ್ಟು 1,600. ತಿಂಗಳಿಗೆ 25 ದಿನ ಇಷ್ಟು ಬಂದರೆ ಬಾಡಿಗೆ ಕಟ್ಟಿ ಊರಿಗೂ ಕಳಿಸಬಹುದು. ಆದರೆ 25 ದಿನ ಕೆಲಸ ಎಲ್ಲಿರುತ್ತದೆ? ಮಳೆಗಾಲದಲ್ಲಿ ಯಾರೂ ಕಿಟಕಿ ತೊಳೆಸುವುದಿಲ್ಲ. ತೊಳೆಸಿದ ಸಂಜೆಯೇ ಮಳೆ ಹೊಡೆದರೆ ದುಡ್ಡು ನೀರುಪಾಲು ಎಂಬುದು ನಮ್ಮಂಥ ಗೃಹಸ್ಥರ ವಾದ. ಆಷಾಢದಲ್ಲಿ ಗೃಹಪ್ರವೇಶವೂ ಇಲ್ಲ. ದಸರೆ, ದೀಪಾವಳಿ, ಯುಗಾದಿ, ಮದುವೆಮನೆ, ಇವೇ ಸುಗ್ಗಿ. ವರ್ಷಕ್ಕೆ ಸರಾಸರಿ ಹಿಡಿದರೆ ತಿಂಗಳಿಗೆ 16 ದಿನ ಸಿಕ್ಕೀತು ಎಂದ. ಅಂದರೆ ಕೆಲಸವಿದ್ದ ದಿನವು ಕೆಲಸವಿಲ್ಲದ ದಿನವನ್ನೂ ಸಾಕಬೇಕು. 1,600ನ್ನು 25ರಿಂದ ಗುಣಿಸಿ 16ರಿಂದ ಭಾಗಿಸಿದರೆ 2,500. ಊಟ ಕೂಲಿಯಲ್ಲೇ ಆಯಿತು. ಪೆಟ್ರೋಲು, ಲಿಕ್ವಿಡ್ಡು, ಫೋನು, ಏಣಿ ವೈಪರುಗಳ ಸವೆತ ಎಲ್ಲ ಸೇರಿಸಿ ಇನ್ನು 300. ಒಟ್ಟು 2,800. ಮೆಶ್ ಬಿಚ್ಚಿ ತೊಳೆದು, ಟ್ರ್ಯಾಕು ಕೆರೆದು, ಗಾಜಿನ ಎರಡೂ ಮೈ ಒರೆಸಲು ಇಬ್ಬರು ಸೇರಿದರೂ ಕಿಟಕಿಗೆ ಇಪ್ಪತ್ತೈದು ನಿಮಿಷ. ಗೇಟಿನಲ್ಲಿ ಹೆಸರು ಬರೆಸಿ, ಮನೆಯವರು ಫೋನ್ ಎತ್ತುವತನಕ ಕಾದು, ಪರದೆ ಇಳಿಸಿ, ಸೋಫಾ ಸರಿಸುವುದರಲ್ಲಿ ಹೋಗುವ ಹೊತ್ತು ಬೇರೆ. ದಿನಕ್ಕೆ 14 ಕಿಟಕಿ ಆದರೆ ಹೆಚ್ಚು. 2,800ನ್ನು 14ರಿಂದ ಭಾಗಿಸಿ ಕೆಳಗೆ ಗೆರೆ ಎಳೆದೆ. ಕಿಟಕಿಗೆ 200.

ಹುಡುಗ ಗಟ್ಟಿಯಾಗಿ ನಕ್ಕುಬಿಟ್ಟ. ‘ಇನ್ನೂರು ಯಾರ್ ಕೊಡ್ತಾರ್ರಿ ಸರ? ನೀವ ಕೊಡಂಗಿಲ್ಲ.’

ಒಳಗಿನಿಂದ ನನ್ನಾಕೆ ಕೆಮ್ಮಿದಳು.

ಇನ್ನೂರು ಎಂಬುದು ಎಲ್ಲ ಗಾಜಿಗೂ ಒಂದೇ ಸಮ ಅಂಟಿಸುವ ಚೀಟಿಯಲ್ಲ ಎಂದೆ. ಅಲ್ಲಿಂದ ಮುಂದೆ ಅವನೇ ಮಾತಾಡಿದ, ನಾನು ಬರೆದುಕೊಂಡೆ. ಕಸುಬಿನ ಮಾತು ಬಂದದ್ದೇ ಅವನ ಕಣ್ಣು ನೆಲ ಬಿಟ್ಟು ಮೇಲೆದ್ದಿತು. ಬರೀ ಧೂಳು ಕೂತ ಗಾಜಾದರೆ ಐದು ನಿಮಿಷದ ಕೆಲಸವಂತೆ. ಕಾಡಿಸುವುದು ಬೋರ್‌ವೆಲ್ ನೀರು. ಕುಂಡದ ಗಿಡಕ್ಕೆ ಹಾಕಿದ ನೀರು, ಮೇಲಿನ ಮನೆಯವರು ಬಾಲ್ಕನಿ ತೊಳೆದ ನೀರು ಗಾಜಿನ ಮೇಲೆ ಹನಿಯಾಗಿ ನಿಲ್ಲುತ್ತದೆ. ಬಿಸಿಲಿಗೆ ನೀರು ಆರಿ, ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ ಬಿಳಿ ಉಂಗುರವಾಗಿ ಉಳಿಯುತ್ತದೆ. ಸೋಪಿಗೆ ಅದು ಜಗ್ಗದು. ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಗಾಜಿಗೆ ಅಂಟಿಸಿಟ್ಟು ಆಮೇಲೆ ಉಜ್ಜಬೇಕು. ಅದೇ ವಿನೆಗರು ಕೆಳಗಿನ ಅಮೃತಶಿಲೆಯ ಕಟ್ಟೆಗೆ ತೊಟ್ಟಿಕ್ಕಿದರೆ ಕಲ್ಲಿನ ಹೊಳಪೂ ಹೋಗುತ್ತದೆ, ಏಕೆಂದರೆ ಆ ಕಲ್ಲೂ ಕ್ಯಾಲ್ಸಿಯಮ್ಮಿನದೇ. ಒಂದು ಮನೆಯಲ್ಲಿ ಹಾಗಾಗಿ, ಆ ದಿನದ ದುಡ್ಡು ಬಿಟ್ಟು, ಮೇಲೆ ಪಾಲಿಶಿನವನಿಗೆ ಸಾವಿರ ಕೊಟ್ಟು ಬಂದಿದ್ದ. ಹೊಸ ಕಟ್ಟಡವಾದರೆ ಸಿಮೆಂಟು, ಪೇಂಟಿನ ಚುಕ್ಕಿ. ಬ್ಲೇಡಿನಲ್ಲಿ ಕೆರೆಯುವಾಗ ಒಂದು ಮರಳಿನ ಕಣ ಸಿಕ್ಕಿದರೂ ಉದ್ದಕ್ಕೆ ಗೀರು. ಇಷ್ಟು ದಿನ ಈ ಅಪಾಯಗಳಿಗೆಲ್ಲ ಅವನು ಕಟ್ಟಿದ್ದ ಬೆಲೆ ಸೊನ್ನೆ.

ವೈಪರಿನ ಮಾತೂ ಬಂತು. ಅಷ್ಟು ಸರಳ ವಸ್ತುವಿಗೂ ಒಂದು ಚರಿತ್ರೆಯಿದೆ. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋಗಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಕಿಟಕಿ ಒರೆಸಿ ಬದುಕುತ್ತಿದ್ದ ಎಟ್ಟೊರೆ ಸ್ಟೆಕೋನೆ 1936ರಲ್ಲಿ ಹಗುರವಾದ ಹಿತ್ತಾಳೆ ಹಿಡಿಗೆ ಒಂದೇ ಒಂದು ರಬ್ಬರ್ ಪಟ್ಟಿ ಸಿಕ್ಕಿಸಿ ಇಂದಿನ ರೂಪ ಕೊಟ್ಟ. ಅದಕ್ಕೆ ಮುಂಚೆ ಇದ್ದದ್ದು ಭಾರದ ಉಕ್ಕಿನದು, ರಬ್ಬರ್ ಬದಲಿಸಬೇಕೆಂದರೆ ಹನ್ನೆರಡು ಸ್ಕ್ರೂ ಬಿಚ್ಚಬೇಕಿತ್ತು. ದುಡಿಯುವವನೇ ತನ್ನ ಕೈಗೆಂದು ಮಾಡಿಕೊಂಡ ಸಾಧನ. ಆ ರಬ್ಬರಿನ ಅಂಚು ಕೂದಲೆಳೆಯಷ್ಟು ಹರಿದರೂ ಗಾಜಿನ ಮೇಲೆ ನೀರಿನ ಗೆರೆ ಉಳಿಯುತ್ತದೆ. ನಮ್ಮ ಹುಡುಗ ಅಂಚು ಹೋದ ಪಟ್ಟಿಯನ್ನು ತಿರುಗಿಸಿ ಹಾಕಿ, ಆ ಅಂಚೂ ಹೋದ ಮೇಲೆ ಮತ್ತೆರಡು ತಿಂಗಳು ಎಳೆಯುತ್ತಿದ್ದ. ಉಳಿದ ಗೆರೆಗಳನ್ನು ಬಟ್ಟೆಯಲ್ಲಿ ಒರೆಸಿ ಸಾವರಿಸುತ್ತಿದ್ದ. ಕಡಿಮೆ ರೇಟು ಮೊದಲು ಕಚ್ಚುವುದು ರಬ್ಬರನ್ನು. ಆಮೇಲೆ ಊಟದ ಹೊತ್ತನ್ನು. ಇನ್ನೂ ಮುಂದೆ ಏನನ್ನು ಕಚ್ಚುತ್ತದೆಂಬುದು ಆ ಕ್ಷಣಕ್ಕೆ ನನಗೆ ಹೊಳೆದಿರಲಿಲ್ಲ.

ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗ ಹೇಳುತ್ತಿದ್ದದ್ದು ನೆನಪಾಯಿತು. ಅಲ್ಲಿ ಕಿಟಕಿ ಒರೆಸುವವರಿಗೆ ‘ರೌಂಡ್’ ಇರುತ್ತದೆ. ನಾಲ್ಕು ವಾರಕ್ಕೋ ಎಂಟು ವಾರಕ್ಕೋ ಒಮ್ಮೆ ಒಂದು ಬೀದಿಯ ಮನೆಗಳನ್ನೆಲ್ಲ ಒಂದೇ ದಿನ ಮುಗಿಸಿಕೊಂಡು ಹೋಗುತ್ತಾರೆ. ಮೊದಲ ಸಲಕ್ಕೆ ಹೆಚ್ಚು, ಆಮೇಲೆ ಕಡಿಮೆ. ಕಸುಬು ಬಿಡುವವನು ತನ್ನ ರೌಂಡನ್ನೇ ಇನ್ನೊಬ್ಬನಿಗೆ ಮಾರುವುದೂ ಉಂಟು, ನಮ್ಮಲ್ಲಿ ಹಾಲಿನವರು ವರ್ತನೆ ಮನೆ ಬಿಟ್ಟುಕೊಟ್ಟಂತೆ. ಅದೇ ದೇಶದ ಸರ್ಕಾರ 1696ರಿಂದ 1851ರವರೆಗೆ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿತ್ತು. ಜನ ಕಿಟಕಿಗೆ ಇಟ್ಟಿಗೆ ಕಟ್ಟಿ ಕತ್ತಲಲ್ಲಿ ಕೂತರು. ಕುರುಡಾದ ಆ ಕಿಟಕಿಗಳು ಹಳೆಯ ಮನೆಗಳ ಗೋಡೆಯಲ್ಲಿ ಈಗಲೂ ಕಾಣುತ್ತವೆ. ಬರೀ ಎಣಿಸಿ ಬೆಲೆ ಕಟ್ಟಿದರೆ ಜನ ಎಣಿಕೆಯನ್ನೇ ಇಳಿಸುತ್ತಾರೆ. ‘ಗೆಸ್ಟ್ ರೂಮಿಂದು ಬಿಡಪ್ಪ, ಯಾರು ನೋಡ್ತಾರೆ’ ಎನ್ನುವವರು ನಮ್ಮ ಬ್ಲಾಕಿನಲ್ಲೇ ಹತ್ತು ಮಂದಿ ಇದ್ದಾರೆ.

ಹೀಗೆ ನಮ್ಮ ಡೈರಿಯ ಪುಟ ಎರಡಾಯಿತು. ಮೊದಲ ಸಲಕ್ಕೆ 200. ಆರು ತಿಂಗಳಿಗೊಮ್ಮೆ ತಪ್ಪದೆ ಕರೆಸುವವರ ಗಾಜಿನಲ್ಲಿ ಕಲೆ ಬೇರೂರುವುದಿಲ್ಲ, ಟ್ರ್ಯಾಕಿನಲ್ಲಿ ಮಣ್ಣು ಗಟ್ಟಿಯಾಗುವುದಿಲ್ಲ, ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ, ಅವರಿಗೆ 140. ಒಂದೇ ಬ್ಲಾಕಿನಲ್ಲಿ ಒಂದೇ ದಿನ ಎರಡು ಮನೆ ಸಿಕ್ಕರೆ ಪೆಟ್ರೋಲು ಉಳಿಯಿತು, ಗೇಟಿನಲ್ಲಿ ಕಾಯುವುದು ಉಳಿಯಿತು. ಅದರ ಪಾಲು ಆ ಎರಡೂ ಮನೆಗೆ. ಬೋರ್ ನೀರಿನ ಕಲೆಗೆ, ಸಿಮೆಂಟಿಗೆ ಬೇರೆ. ಇಳಿಸಲು ಒಂದು ಕಾರಣ ಇರಬೇಕು. ಎದುರಿನವರ ಮುಖ ಸಣ್ಣದಾಯಿತು ಎಂಬುದು ಕಾರಣವಲ್ಲ ಎಂದೆ. ದಾಕ್ಷಿಣ್ಯದ ಬಗ್ಗೆ ನಮ್ಮ ಅಜ್ಜಿಯರ ಬಾಯಲ್ಲಿ ಒಂದು ಖಾರದ ಗಾದೆ ಇತ್ತು. ಬೆಳಗಿನ ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ, ನಿಮಗೆ ಗೊತ್ತೇ ಇರುತ್ತದೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಿ ನೂರಕ್ಕೆ 18 ಸೇರಿಸಬೇಕಾಗುತ್ತದೆ ಎಂದೂ ಹೇಳಿದೆ. ‘ಅಂಥಾ ದಿನ ಬರ್ಲಿ ಬಿಡ್ರಿ’ ಎಂದು ನಕ್ಕ.

ಆದರೂ ಅವನ ಮುಖದಲ್ಲಿ ಏನೋ ಅಳುಕು ಉಳಿದಿತ್ತು. ‘ಜಾಸ್ತಿ ಕೇಳೂದು ಪಾಪ ಅಲ್ಲೇನ್ರಿ ಸರ? ನಮ್ಮ ಕಡೆ ಲಕ್ಕಮ್ಮನ ಕಥಿ ಹೇಳ್ತಾರ.’

ಹೌದಲ್ಲ, ಲಿಂಗಸುಗೂರು ತಾಲೂಕಿನ ಅಮರೇಶ್ವರವೇ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಊರು. 12ನೇ ಶತಮಾನದಲ್ಲಿ ಕಲ್ಯಾಣಕ್ಕೆ ಬಂದು, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುವುದನ್ನೇ ಕಾಯಕವಾಗಿಸಿಕೊಂಡವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸದೆ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದಳು. ಈ ಕಥೆ ನನಗೂ ಪ್ರಿಯ. ಮನೆಗೆಲಸದಾಕೆ ಸಂಬಳ ಹೆಚ್ಚಿಸಿ ಎಂದಾಗಲೆಲ್ಲ ನನಗೆ ತಪ್ಪದೆ ನೆನಪಾಗುವ ಕಥೆ ಎಂದರೆ ಅದು ಎಷ್ಟು ಪ್ರಿಯ ಎಂದು ನಿಮಗೆ ತಿಳಿದೀತು. ಅತಿಯಾಸೆಗೆ ಮೇಲ್ಗಡೆ ಒಂದು ಮಿತಿ ಹಾಕುವುದರಲ್ಲಿ ನಮ್ಮ ಹಿರಿಯರು ಎಂದೂ ಹಿಂದೆ ಬಿದ್ದವರಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಕೂಡ ವ್ಯಾಪಾರಿಗೆ ನಾಡಿನ ಸರಕಿನ ಮೇಲೆ ನೂರಕ್ಕೆ 5, ಹೊರನಾಡಿನ ಸರಕಿನ ಮೇಲೆ 10 ಲಾಭ ಸಾಕೆನ್ನುತ್ತದೆ. ಆದರೆ ಆ ಹುಡುಗನ ಎದುರು ಕೂತಾಗ, ಡೈರಿಯ ಅಂಕಿಗಳು ಕಣ್ಣೆದುರಿಗಿದ್ದಾಗ, ಲಕ್ಕಮ್ಮನ ಕಥೆ ನನಗೆ ಬೇರೆಯಾಗಿಯೇ ಕಂಡಿತು. ತಂದ ಅಕ್ಕಿ ಹೆಚ್ಚಾಯಿತೆಂದು ಅವಳಿಗೆ ತಿಳಿದದ್ದು ಹೇಗೆ? ನೋಡಿದ ಕೂಡಲೇ ಹೇಳಿದಳೆಂದರೆ ದಿನಕ್ಕೆ ಎಷ್ಟು ಬೇಕೆಂಬುದು ಹಿಡಿ ಹಿಡಿಯ ಲೆಕ್ಕದಲ್ಲಿ ಅವಳಿಗೆ ಗೊತ್ತಿತ್ತು. ಒಂದು ಹಿಡಿ ಕಡಿಮೆ ಬಿದ್ದಿದ್ದರೂ ಅಷ್ಟೇ ಬೇಗ ಕಾಣುತ್ತಿತ್ತು. ದಾಸೋಹಕ್ಕೆ ಬಂದ ಒಬ್ಬರ ಎಲೆ ಬರಿದಾಗುತ್ತಿತ್ತಲ್ಲ.

‘ನಿನ್ನ ಅಳತೆ ಈ ಡೈರಿಯಲ್ಲಿದೆ. ಇನ್ನೂರರ ಕಿಟಕಿಗೆ ನಾನೂರು ಕೇಳಿದ ದಿನ ಲಕ್ಕಮ್ಮನನ್ನು ನೆನೆ’ ಎಂದೆ. ಮಾತು ಚೆನ್ನಾಗಿ ಬಂತೆಂದು ನನಗೂ ಅನ್ನಿಸಿತು. ಡೈರಿ ಮುಚ್ಚಹೋದೆ.

‘ಒಂದ್ ಬಿಟ್ವಲ್ರಿ ಸರ’ ಎಂದ. ಕೈ ಅಡುಗೆಮನೆಯ ಕಡೆ ತೋರಿಸುತ್ತಿತ್ತು.

ಅಡುಗೆಮನೆಯ ಗಾಜು ಜಾರುವಂಥದ್ದಲ್ಲ ಎಂದೆನಲ್ಲ, ಗೋಡೆಗೇ ಕೂರಿಸಿದ್ದು. ಹೊರಮೈ ಒರೆಸಬೇಕೆಂದರೆ ಯುಟಿಲಿಟಿಯ ಕಂಬಿ ದಾಟಿ ಸಜ್ಜಾದ ಮೇಲೆ ಇಳಿಯಬೇಕು. ಒಂದೂವರೆ ಅಡಿ ಅಗಲ, ಪಾಚಿ, ಪಾರಿವಾಳದ ಹಿಕ್ಕೆ. ದಸರೆಯಲ್ಲಿ ಅವನು ಚಪ್ಪಲಿ ಕಳಚಿಟ್ಟು ಇಳಿದಿದ್ದ. ಎಡಗೈಯಲ್ಲಿ ಮಳೆನೀರಿನ ಪೈಪು, ಬಲಗೈಯಲ್ಲಿ ಬಟ್ಟೆ. ಸೊಂಟಕ್ಕೆ ಹಗ್ಗ ಇರಲಿಲ್ಲ. ನಾನು ಒಳಗೆ ನಿಂತು ‘ಹುಷಾರಪ್ಪ’ ಎಂದಿದ್ದೆ. ಅಷ್ಟೇ ಅಲ್ಲ. ಗಾಜಿನ ಮೇಲಿನ ಮೂಲೆಯಲ್ಲಿ ಒಂದು ಬಿಳಿ ಉಂಗುರ ಉಳಿದದ್ದನ್ನು ಕಂಡು, ಒಳಗಿನಿಂದ ಬೆರಳಿಟ್ಟು ತೋರಿಸಿದ್ದೆ. ಅವನು ಹಿಮ್ಮಡಿ ಎತ್ತಿ, ಮೈ ಚಾಚಿ ಅದನ್ನೂ ಒರೆಸಿದ್ದ. ಗಾಜಿನ ಈಚೆ ನನ್ನ ಬೆರಳು, ಆಚೆ ಅವನ ಬಟ್ಟೆ. ಆ ಕಿಟಕಿಗೂ ಐವತ್ತು ರೂಪಾಯಿಯೇ.

‘ಇದಕ್ಕ ಎಷ್ಟ್ ಬರೀಲ್ರಿ?’ ಪೆನ್ನು ಈಗ ಅವನ ಕೈಯಲ್ಲಿತ್ತು.

ಎತ್ತರದ ಕಟ್ಟಡಗಳಲ್ಲಿ ಹಗ್ಗ ಕಟ್ಟಿಕೊಂಡು ಇಳಿಯುವವರು ಎರಡು ಹಗ್ಗ ಬಳಸುತ್ತಾರೆ. ಒಂದು ಕೆಲಸಕ್ಕೆ, ಇನ್ನೊಂದು ಮೊದಲನೆಯದು ಕೈಕೊಟ್ಟರೆಂದು. ಎರಡಕ್ಕೂ ಬೇರೆ ಬೇರೆ ಕಟ್ಟು, ಮೇಲೆ ಕಾಯುವವರು, ಅದಕ್ಕೊಂದು ತರಬೇತಿ. ಮೂರು ಅಡಿ ಗಾಜಿಗಾಗಿ ಅಷ್ಟನ್ನೆಲ್ಲ ತರಿಸುವ ಗೃಹಸ್ಥ ನಮ್ಮ ಬ್ಲಾಕಿನಲ್ಲಿಲ್ಲ, ನಾನೂ ಸೇರಿ. ಐನೂರು ಎನ್ನಲೇ? ಸಾವಿರ ಎನ್ನಲೇ? ಬಾಯಿಗೆ ಬಂದ ಅಂಕಿಗಳನ್ನೆಲ್ಲ ನುಂಗಿಕೊಂಡೆ. ಅವನೂ ಸ್ವಲ್ಪ ಹೊತ್ತು ಕಾದು, ಆ ಸಾಲಿನಲ್ಲಿ ಏನನ್ನೂ ಬರೆಯದೆ ಪೆನ್ನು ಕೊಟ್ಟುಬಿಟ್ಟ.

ಸಾಲ ಮಂಜೂರಾಯಿತು. ಕಳೆದ ದಸರೆಗೆ ಬರುವಾಗ ಕಾರ್ಡು ಅಚ್ಚು ಹಾಕಿಸಿಕೊಂಡು ಬಂದಿದ್ದ. ಹಳದಿ ಕಾಗದ, ಒಂದೆರಡು ಕಾಗುಣಿತದ ತಪ್ಪು, ರೇಟುಗಳೆಲ್ಲ ಡೈರಿಯಲ್ಲಿದ್ದಂತೆಯೇ. ಕೊನೆಯ ಸಾಲು ಮಾತ್ರ ದಪ್ಪಕ್ಷರದಲ್ಲಿ: ಸಜ್ಜಾ ಮೇಲೆ ನಿಂತು ಮಾಡುವ ಕೆಲಸ ಇಲ್ಲ. ಮೊದಲಿನಂತೆ ಚಪ್ಪಲಿ ಬಿಟ್ಟು ನೇರ ಕೆಲಸಕ್ಕೆ ಇಳಿಯದೆ, ಕೋಣೆ ಕೋಣೆ ಸುತ್ತಿ ಎಣಿಸಿ ಬಂದು ಹೇಳಿದ: ‘ಹತ್ತಕ್ಕ ಸಾವಿರದ ನಾನೂರು. ಅಡಗಿಮನಿದು ಒಳಗಿಂದು ಅಷ್ಟ, ಅದಕ್ಕ ಅರ್ಧ, ಎಪ್ಪತ್ತು. ಒಟ್ಟು ಸಾವಿರದ ನಾನೂರಾ ಎಪ್ಪತ್ತು.’ ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದ. ‘ಸಾವಿರದ ನಾನೂರು ಮಾಡ್ಕೊಳಪ್ಪ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ತಾನಾಗಿಯೇ ಬಂದು ಕೂತಿತ್ತು. ಇಷ್ಟು ವರ್ಷದ ಅಭ್ಯಾಸ, ಕರೆಯದೆಯೇ ಬರುತ್ತದೆ. ಅಷ್ಟರಲ್ಲಿ ನನ್ನಾಕೆ ಒಳಗಿನಿಂದ ಬಂದವಳು ತಲೆಯೆತ್ತಿ ಹಾಲಿನ ಫ್ಯಾನನ್ನು ನೋಡಿ, ‘ಫ್ಯಾನಿಗೆ ಎಷ್ಟಪ್ಪ?’ ಎಂದು ಕೇಳಿದಳು.

‘ಒಂದಕ್ಕ ಅರವತ್ರಿ ಅಮ್ಮಾರ’ ಎಂದ, ಅವನೂ ಫ್ಯಾನನ್ನೇ ನೋಡುತ್ತ.

ಅಡುಗೆಮನೆಯ ಗಾಜಿನ ಹೊರಮೈ ಹಾಗೇ ಇದೆ. ನಾನು ಬೆರಳಿಟ್ಟು ತೋರಿಸಿದ್ದ ಮೂಲೆಯಲ್ಲಿ ಈಗ ಉಂಗುರಗಳು ಒಂದಲ್ಲ, ಐದಾರು. ಬೆಳಗಿನ ಬಿಸಿಲು ಅವುಗಳ ಮೂಲಕವೇ ಇಳಿದು ಒಗ್ಗರಣೆ ಡಬ್ಬಿಯ ಮುಚ್ಚಳದ ಮೇಲೆ ಬೀಳುತ್ತದೆ. ಗಾಳಿ ಸಮೇತ ಮಳೆ ಹೊಡೆದ ದಿನ ಸ್ವಲ್ಪ ತಿಳಿಯಾಗುತ್ತದೆ.